ಮೊಲಕ್ಕೆ ಮೂರೇ ಕಾಲು, ಮಿಸ್ ಹೇಳಿದ್ದಾರೆ

ನಾಳೆ ಆಫೀಸಿನ ಕ್ಯಾಂಟೀನಿನಲ್ಲಿ ಊಟಕ್ಕೆ ಕೂತಾಗ ಒಂದು ಪರೀಕ್ಷೆ ಮಾಡಿ ನೋಡಿ. ಎದುರಿಗೆ ಕೂತವರನ್ನು "ಕಂಪ್ಯೂಟರ್ ಅನ್ನೋದರ ಫುಲ್ ಫಾರ್ಮ್ ಏನು?" ಅಂತ ಕೇಳಿ. ಹತ್ತು ವರ್ಷ ಕೋಡ್ ಬರೆದವರು, ಸರ್ವರ್ ರೂಮಿನಲ್ಲಿ ರಾತ್ರಿ ಕಳೆದವರು, ಎಂ.ಟೆಕ್ ಮಾಡಿದವರು ಇರುವ ಟೇಬಲ್ಲಿನಲ್ಲೂ ಒಬ್ಬರಾದರೂ ಬಾಯಲ್ಲಿ ತುತ್ತು ಇಟ್ಟುಕೊಂಡೇ ಶುರು ಮಾಡ್ತಾರೆ: "ಕಾಮನ್ ಆಪರೇಟಿಂಗ್ ಮಷೀನ್ ಪರ್ಪಸ್ಲಿ ಯೂಸ್ಡ್ ಫಾರ್ ಟೆಕ್ನಾಲಜಿಕಲ್ ಅಂಡ್ ಎಜುಕೇಶನಲ್ ರಿಸರ್ಚ್." ಹೇಳಿ ಮುಗಿಸಿದ ಮೇಲೆ ಅವರ ಮುಖದಲ್ಲಿ ಒಂದು ಸಣ್ಣ ಬೆಳಕು ಬರುತ್ತೆ, ಗಮನಿಸಿ. ಆರನೇ ಕ್ಲಾಸಿನಲ್ಲಿ "ವೆರಿ ಗುಡ್, ಸಿಟ್ ಡೌನ್" ಅನ್ನಿಸಿಕೊಂಡಾಗ ಬಂದ ಬೆಳಕೇ ಅದು, ಇನ್ನೂ ಆರಿಲ್ಲ.

ಹಾಗೊಂದು ಫುಲ್ ಫಾರ್ಮ್ ಇಲ್ಲ ಮಾರಾಯ್ರೆ. ಕಂಪ್ಯೂಟ್ ಅಂದರೆ ಲೆಕ್ಕ ಹಾಕು, ಕಂಪ್ಯೂಟರ್ ಅಂದರೆ ಲೆಕ್ಕ ಹಾಕುವವನು. ಅಷ್ಟೇ. ಲ್ಯಾಟಿನ್ ಮೂಲದ ಈ ಪದ 17ನೇ ಶತಮಾನದಿಂದ ಇಂಗ್ಲಿಷಿನಲ್ಲಿದೆ, ಆಗ ಯಂತ್ರದ ಸುಳಿವೂ ಇರಲಿಲ್ಲ. ಕಂಪ್ಯೂಟರ್ ಅನ್ನುವುದು ಮನುಷ್ಯರ ಹುದ್ದೆಯ ಹೆಸರಾಗಿತ್ತು. ನಮ್ಮ ದೇಶದಲ್ಲೇ ರಾಧಾನಾಥ ಸಿಕ್ದಾರ್ ಅನ್ನುವ ಬಂಗಾಳದ ಯುವಕ 1831ರಲ್ಲಿ ಗ್ರೇಟ್ ಟ್ರಿಗ್ನೊಮೆಟ್ರಿಕಲ್ ಸರ್ವೆಗೆ ಕಂಪ್ಯೂಟರ್ ಆಗಿ ಸೇರಿದ. ಆಮೇಲೆ ಅಲ್ಲೇ ಚೀಫ್ ಕಂಪ್ಯೂಟರ್ ಆದ. ಈಗ ನಾವು ಎವರೆಸ್ಟ್ ಅನ್ನುವ ಶಿಖರವೇ ಎಲ್ಲಕ್ಕಿಂತ ಎತ್ತರ ಅಂತ ಲೆಕ್ಕದಲ್ಲಿ ತೋರಿಸಿಕೊಟ್ಟವನು ಅವನೇ. ಅಮೆರಿಕದಲ್ಲಿ ನಾಸಾದ ಲೆಕ್ಕ ಮಾಡುತ್ತಿದ್ದ ಕ್ಯಾಥರೀನ್ ಜಾನ್ಸನ್ ಅಂಥವರನ್ನೂ ಕಂಪ್ಯೂಟರ್ ಅಂತಲೇ ಕರೀತಿದ್ದರು, 2016ರ 'ಹಿಡನ್ ಫಿಗರ್ಸ್' ಸಿನಿಮಾ ನೋಡಿದವರಿಗೆ ಗೊತ್ತಿರುತ್ತೆ. ಇಂಥ ಚಂದದ ಕಥೆ ಕೈಯಲ್ಲಿರುವಾಗ ನಾವು ಮಕ್ಕಳಿಗೆ ಕೊಡುವುದು ಯಾರೋ ಹೊಸೆದ ಎಂಟಕ್ಷರದ ಸರಪಳಿ. ಯಾಕೆ? ಸರಪಳಿಯನ್ನು ಉರು ಹೊಡೆಸಬಹುದು, ಪ್ರಶ್ನೆಪತ್ರಿಕೆಯಲ್ಲಿ ಕೇಳಬಹುದು, ಕೆಂಪು ಪೆನ್ನಿನಲ್ಲಿ ಟಿಕ್ ಹಾಕಬಹುದು. ಕಥೆಗೆ ಟಿಕ್ ಹಾಕೋದು ಕಷ್ಟ.

ಕಂಪ್ಯೂಟರ್ ಪಾಠದಲ್ಲಿ ನಡೆಯುವ ತಪ್ಪುಗಳ ಪಟ್ಟಿ ಮಾಡ್ತಾ ಹೋದರೆ ಈ ಕಾಲಂ ಸಾಲದು. ಆದರೆ ಎಲ್ಲ ತಪ್ಪೂ ಒಂದೇ ತೂಕದ್ದಲ್ಲ ಅನ್ನೋದನ್ನ ಮೊದಲು ಒಪ್ಪಿಕೊಳ್ಳೋಣ. ಟೀಚರುಗಳನ್ನು ತಿದ್ದಲು ಹೊರಡುವ ನಮ್ಮಂಥವರು ಸಾಮಾನ್ಯವಾಗಿ ಎಡವುವುದು ಇಲ್ಲೇ.

ಕೆಲವು ತಪ್ಪಲ್ಲ, ಮಕ್ಕಳಿಗೆ ಅಂತ ತೆಳುವಾಗಿಸಿದ ಸತ್ಯ. "ಸಿಪಿಯು ಕಂಪ್ಯೂಟರಿನ ಮೆದುಳು" ಅನ್ನೋದು ಅಂಥದ್ದು. ಮೆದುಳು ಕನಸು ಕಾಣುತ್ತೆ, ಸಿಪಿಯು ಕಾಣಲ್ಲ ಅಂತ ಹತ್ತು ವರ್ಷದ ಮಗುವಿನ ಟೀಚರ್ ಜೊತೆ ವಾದಕ್ಕೆ ನಿಂತರೆ ನಮಗೇ ಕೆಲಸ ಇಲ್ಲ ಅಂತ ಅರ್ಥ.

ಇನ್ನು ಕೆಲವು ಜಗಳಕ್ಕೆ ನಿಜವಾಗಿಯೂ ಜಾಗ ಇರುವಂಥವು. ಒಂದು ಕಿಲೋಬೈಟ್ ಅಂದರೆ 1024 ಬೈಟೋ 1000 ಬೈಟೋ? ಸ್ಕೂಲಿನಲ್ಲಿ 1024. ಹಾರ್ಡ್ ಡಿಸ್ಕ್ ಮಾರುವ ಕಂಪನಿಗೆ 1000. ಈ ಗೊಂದಲ ಬಿಡಿಸಲು 1998ರಲ್ಲೇ ಅಂತಾರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗ 1024ರ ಲೆಕ್ಕಕ್ಕೆ ಕಿಬಿಬೈಟ್, ಮೆಬಿಬೈಟ್ ಅಂತ ಬೇರೆ ಹೆಸರು ಕೊಟ್ಟಿತು, ಬಳಸುವವರು ಮಾತ್ರ ಕಡಿಮೆ. ಒಂದು ಟೆರಾಬೈಟಿನ ಡಿಸ್ಕ್ ತಂದು ವಿಂಡೋಸ್‌ಗೆ ಸಿಕ್ಕಿಸಿದರೆ 931 ಜಿಬಿ ಅಂತ ತೋರಿಸುತ್ತಲ್ಲ, ಅಂಗಡಿಯವನು ಮೋಸ ಮಾಡಿದ ಅಂತ ಅಪ್ಪಂದಿರು ಬೈತಾರಲ್ಲ, ಅದಕ್ಕೆ ಕಾರಣ ಇದೇ. "ಕಂಪ್ಯೂಟರ್ ಕಂಡುಹಿಡಿದವರು ಯಾರು?" ಅನ್ನೋದೂ ಇದೇ ಜಾತಿ. ಉತ್ತರ ಚಾರ್ಲ್ಸ್ ಬ್ಯಾಬೇಜ್, ಒಂದು ಅಂಕ. ಬ್ಯಾಬೇಜ್ 1837ರಲ್ಲಿ ಅನಲಿಟಿಕಲ್ ಇಂಜಿನ್‌ನ ವಿವರ ಬರೆದ ಅನ್ನೋದು ನಿಜ, ಆದರೆ ಬದುಕಿರುವಾಗ ಅದನ್ನು ಕಟ್ಟಿ ಮುಗಿಸಲಿಲ್ಲ. ಅವನದೇ ಇನ್ನೊಂದು ಯಂತ್ರ, ಡಿಫರೆನ್ಸ್ ಇಂಜಿನ್ ನಂಬರ್ 2, ಲಂಡನ್ನಿನ ಸೈನ್ಸ್ ಮ್ಯೂಸಿಯಂನಲ್ಲಿ ಲೆಕ್ಕ ಮಾಡಿ ತೋರಿಸಿದ್ದು 1991ರಲ್ಲಿ. ಜರ್ಮನಿಯ ಕೊನ್ರಾಡ್ ಜೂಸ 1941ರಲ್ಲಿ ಓಡುವ ಯಂತ್ರವನ್ನೇ ಮಾಡಿದ್ದ. ಅಮೆರಿಕದ ಎನಿಯಾಕ್ 1945ರಲ್ಲಿ ಸಿದ್ಧವಾಯಿತು. ಯಾವುದನ್ನು ಕಂಪ್ಯೂಟರ್ ಅಂತ ಕರೀತೀರಿ ಅನ್ನುವುದರ ಮೇಲೆ ಉತ್ತರ ಬದಲಾಗುತ್ತೆ. ಒಂದು ಪಿರಿಯಡ್ ಪೂರ್ತಿ ಚರ್ಚೆ ಮಾಡುವಷ್ಟು ಸೊಗಸಾದ ಪ್ರಶ್ನೆಯನ್ನು ನಾವು ಬಿಟ್ಟ ಸ್ಥಳ ತುಂಬಿರಿಗೆ ಹಾಕಿ ಕೊಂದಿದ್ದೀವಿ.

ಮೂರನೆಯ ಬಗೆ ಮಾತ್ರ ನನಗೆ ಸಹಿಸೋಕಾಗಲ್ಲ. ಅದು ಮುಂದಿನ ತಿಳುವಳಿಕೆಗೆ ಬಾಗಿಲು ಹಾಕಿಬಿಡುವ ತಪ್ಪು. ಇಂಟರ್ನೆಟ್ ಅಂದರೂ ವರ್ಲ್ಡ್ ವೈಡ್ ವೆಬ್ ಅಂದರೂ ಒಂದೇ ಅಂತ ಕಲಿತ ಮಗುವಿಗೆ, ಬ್ರೌಸರೇ ತೆರೆಯದೆ ಅಜ್ಜಿ ಜೊತೆ ವಾಟ್ಸಾಪಿನಲ್ಲಿ ವೀಡಿಯೋ ಕಾಲ್ ಮಾಡಿದ್ದು ಯಾವ ದಾರಿಯಲ್ಲಿ ಹೋಯ್ತು ಅಂತ ಯಾವತ್ತೂ ಅನುಮಾನ ಬರಲ್ಲ. "ಕನ್ನಡ ಟೈಪ್ ಮಾಡಬೇಕಂದ್ರೆ ನುಡಿ ಫಾಂಟೇ ಇರಬೇಕು" ಅಂತ ಕಲಿತವರು ಇವತ್ತಿಗೂ ಕಳಿಸುವ ಫೈಲು ನಮ್ಮ ಕಂಪ್ಯೂಟರಿನಲ್ಲಿ ತೆರೆದಾಗ ಮಂತ್ರವಾದಿ ಬರೆದ ಯಂತ್ರದ ಥರ ಕಾಣುತ್ತೆ. ಅಕ್ಷರಕ್ಕೆ ಇರುವ ನಂಬರು ಬೇರೆ, ಅದು ಉಟ್ಟುಕೊಳ್ಳುವ ಫಾಂಟ್ ಅನ್ನೋ ಬಟ್ಟೆ ಬೇರೆ ಅಂತ ಅವರಿಗೆ ಯಾರೂ ಹೇಳಲಿಲ್ಲ. ಯೂನಿಕೋಡ್‌ನಲ್ಲಿ ನಮ್ಮ 'ಕ' ಅಕ್ಷರದ ನಂಬರು 3221. ಬೆಂಗಳೂರಾಗಲಿ ಬೋಸ್ಟನ್ ಆಗಲಿ, ಯಾವ ಫಾಂಟ್ ಹಾಕಿದರೂ ಅದು 3221. 1991ರಿಂದ ಕನ್ನಡಕ್ಕೆ ಅಲ್ಲಿ ಜಾಗ ಇದೆ.

ಇದೇ ಮೂರನೇ ಬಗೆಯ ತಪ್ಪೊಂದು ಹೋದ ವರ್ಷ ನಮ್ಮ ಮನೆಯೊಳಗೇ ಬಂತು.

ಅಕ್ಕನ ಮಗಳು ಆರನೇ ಕ್ಲಾಸು. ಆಯುಧಪೂಜೆಗೆ ಮನೆಯ ಹಳೇ ಡೆಸ್ಕ್‌ಟಾಪಿನ ಧೂಳು ಹೊಡೆಯೋಕೆ ಅಂತ ನಾನು ಸ್ಕ್ರೂ ಬಿಚ್ಚಿದಾಗ ಪಕ್ಕದಲ್ಲೇ ಕೂತಿದ್ದಳು. ಫ್ಯಾನ್ ತೆಗೆದು, ಅದರ ಕೆಳಗೆ ಪೇಸ್ಟ್ ಮೆತ್ತಿಕೊಂಡಿದ್ದ ಚಿಪ್ಪನ್ನು ತೋರಿಸಿ "ಇದು ಸಿಪಿಯು, ನೋಡು" ಅಂದೆ. "ಇಷ್ಟೇ ಇಷ್ಟಾ!" ಅಂದಳು. ಅಂಗೈಯಲ್ಲಿಟ್ಟುಕೊಂಡು ನೋಡಿದಳು. ಕುಂಕುಮ ಹಚ್ಚುವಾಗ ಡಬ್ಬಿಗೆ ಹಚ್ಚದೆ "ಚಿಪ್ಪಿಗೆ ಹಚ್ಚೋದು ಬೇಡ್ವಾ ಮಾಮ?" ಅಂತ ಕೇಳಿದಳು. ಅದಾಗಿ ಒಂದು ತಿಂಗಳಿಗೆ ಸ್ಕೂಲಿನಲ್ಲಿ ಟೆಸ್ಟು. ಚಿತ್ರದ ಭಾಗ ಗುರುತಿಸಿ. ಮಾನಿಟರ್, ಕೀಬೋರ್ಡ್, ಮೌಸ್, ಪಕ್ಕದಲ್ಲೊಂದು ಉದ್ದನೆಯ ಡಬ್ಬಿ. ಡಬ್ಬಿಗೆ ಇವಳು "ಕ್ಯಾಬಿನೆಟ್" ಅಂತ ಬರೆದಳು. ಕೆಂಪು ಪೆನ್ನಿನಲ್ಲಿ ಅದನ್ನು ಹೊಡೆದು "ಸಿಪಿಯು" ಅಂತ ತಿದ್ದಿ ಅರ್ಧ ಮಾರ್ಕು ಕಟ್ ಮಾಡಿದ್ದರು.

ಇವಳು ಸುಮ್ಮನಿರುವ ಪೈಕಿ ಅಲ್ಲ. ಪೇಪರ್ ಹಿಡಿದು ಮಿಸ್ ಹತ್ರ ಹೋಗಿ, "ಮಿಸ್, ಸಿಪಿಯು ಅದರ ಒಳಗಡೆ ಇರುತ್ತೆ, ನಮ್ ಮಾಮ ತೋರಿಸಿದಾರೆ" ಅಂದಳಂತೆ. "ಹಾಗಾದ್ರೆ ಮಾರ್ಕ್ಸೂ ನಿಮ್ ಮಾಮನ ಹತ್ರಾನೇ ಇಸ್ಕೋ ಹೋಗು" ಅಂದರಂತೆ ಮಿಸ್. ಕ್ಲಾಸೆಲ್ಲ ನಕ್ಕಿತು.

ಸಂಜೆ ಅವಳು ನನ್ನ ಕೇಳಿದ್ದು ಮಾರ್ಕಿನ ವಿಷಯ ಅಲ್ಲವೇ ಅಲ್ಲ. "ಮಾಮ, ನಿಂಗೆ ಸರಿಯಾಗಿ ಗೊತ್ತಾ? ನೀನು ಆಫೀಸಲ್ಲಿ ಇದನ್ನೇ ತಾನೇ ಮಾಡೋದು?" ಗೊತ್ತು ಪುಟ್ಟಿ ಅಂದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ ಅಂದಳು, "ಹೋಗ್ಲಿ ಬಿಡು. ಎಕ್ಸಾಮಿಗೆ ಸಿಪಿಯು ಅಂತಾನೇ ಬರೀತೀನಿ." ಅಕ್ಕ ಅಡುಗೆ ಮನೆಯಿಂದಲೇ, "ನೀನು ಸ್ಕೂಲಿಗೆ ಹೋಗಿ ರಾಮಾಯಣ ಮಾಡ್ಬೇಡ ಕಣೋ, ಅವಳು ಇನ್ನೂ ನಾಲ್ಕು ವರ್ಷ ಅಲ್ಲೇ ಓದ್ಬೇಕು" ಅಂದಳು.

ಅರ್ಧ ಮಾರ್ಕು ಹೋದರೆ ಆಕಾಶ ಬೀಳಲ್ಲ. ಡಬ್ಬಿಗೆ ಸಿಪಿಯು ಅಂದರೆ ಏನಾಯ್ತು, ಸರ್ವಿಸ್ ಮಾಡುವ ಹುಡುಗರೂ ಹಾಗೇ ಅಂತಾರೆ, ಆಡುಮಾತು ಅಂತ ಬಿಡಬಹುದು. ಆದರೆ ಆಡುಮಾತನ್ನು ಸರಿ ಅಂತ ಒಪ್ಪುವುದು ಒಂದು, ಸರಿಯಾದ ಮಾತನ್ನು ತಪ್ಪು ಅಂತ ಹೊಡೆದು ಹಾಕುವುದು ಇನ್ನೊಂದು. ಡಬ್ಬಿಯೇ ಸಿಪಿಯು ಅಂದುಕೊಂಡ ಮಗುವಿಗೆ ಮಿಸ್ ಕೈಚೀಲದಲ್ಲಿರುವ ಫೋನೊಳಗೂ ಒಂದು ಸಿಪಿಯು ಇದೆ, ವಾಷಿಂಗ್ ಮಷೀನಿನೊಳಗೂ ಅದರ ಚಿಕ್ಕ ತಮ್ಮ ಇದೆ, ಮೆಟ್ರೋ ಗೇಟಿನೊಳಗೂ ಇದೆ ಅಂತ ಹೊಳೆಯುವುದು ಹೇಗೆ? ಇಡೀ ಕಂಪ್ಯೂಟರ್ ಯುಗ ನಿಂತಿರೋದೇ ಆ ಡಬ್ಬಿ ಮಾಯವಾಗಿ ಬೆರಳ ತುದಿಯಷ್ಟಾಗಿದ್ದರ ಮೇಲೆ. 1971ರ ಇಂಟೆಲ್ 4004ರಲ್ಲಿ ಸುಮಾರು 2300 ಟ್ರಾನ್ಸಿಸ್ಟರ್ ಇದ್ದವು, ಅದೇ ಉಗುರಿನಷ್ಟಿತ್ತು. ಅದಕ್ಕಿಂತ ದೊಡ್ಡ ನಷ್ಟ, ಹನ್ನೊಂದು ವರ್ಷದ ಹುಡುಗಿ ತನ್ನ ಕಣ್ಣಿಂದ ನೋಡಿದ್ದನ್ನು, ಕೈಯಲ್ಲಿ ಹಿಡಿದಿದ್ದನ್ನು ಬದಿಗಿಟ್ಟು ಮಾರ್ಕು ಬರುವ ಉತ್ತರಕ್ಕೆ ಹೋಗುತ್ತೀನಿ ಅಂತ ತಾನೇ ತೀರ್ಮಾನ ಮಾಡಿದಳಲ್ಲ, ಅದು. ನಿಜ ಒಂದು, ಪರೀಕ್ಷೆಗೆ ಬರೆಯೋದು ಒಂದು ಅಂತ ಅವಳಿಗೆ ಅವತ್ತು ಗೊತ್ತಾಯ್ತು.

ಆ ಪಾಠ ಕಲಿತ ಮಕ್ಕಳು ದೊಡ್ಡವರಾಗಿ ಎಲ್ಲಿಗೆ ಹೋಗ್ತಾರೆ? ಇಂಜಿನಿಯರಿಂಗ್ ಕಾಲೇಜಿಗೆ. ನಮ್ಮ ಕಾಲೇಜಿನ ಸಿ ಲ್ಯಾಬಿನಲ್ಲಿ ಟರ್ಬೋ ಸಿ ಇತ್ತು. 1990ರ ದಶಕದ ಆರಂಭದ ಸಾಫ್ಟ್‌ವೇರು, ನೀಲಿ ಪರದೆ, ಹಳದಿ ಅಕ್ಷರ. ಅದನ್ನು ಹೊಸ ವಿಂಡೋಸಿನಲ್ಲಿ ಓಡಿಸೋಕೆ ಹಳೇ ಡಾಸ್‌ನ ವೇಷ ಹಾಕುವ ಇನ್ನೊಂದು ಸಾಫ್ಟ್‌ವೇರ್ ಬೇಕು. ನಮ್ಮಲ್ಲಿ ಅನೇಕರು ಹೀಗೇ ಕಲಿತವರು, ಮೊಹೆಂಜೊದಾರೊದಲ್ಲಿ ಪ್ಲಂಬಿಂಗ್ ಕಲಿತ ಹಾಗೆ. ಒಂದು ದಿನ ಫ್ಯಾಕ್ಟೋರಿಯಲ್ ಪ್ರೋಗ್ರಾಮು. 5ಕ್ಕೆ 120 ಬಂತು. 7ಕ್ಕೆ 5040 ಬಂತು. ಪಕ್ಕದ ಹುಡುಗ 8 ಕೊಟ್ಟ. ಮೈನಸ್ 25216 ಬಂತು! ಎಲ್ಲ ಧನ ಸಂಖ್ಯೆಗಳನ್ನು ಗುಣಿಸುತ್ತಾ ಹೋದರೆ ಮೈನಸ್ ಎಲ್ಲಿಂದ ಬಂತು ಅಂತ ಅವನು ಲೆಕ್ಚರರನ್ನು ಕೇಳಿದ. ಅವರು ಪರದೆ ನೋಡಿದರು, ಅವನನ್ನು ನೋಡಿದರು, "ಸಿಸ್ಟಮ್ ಹಳೇದಪ್ಪ, ಕಂಪ್ಯೂಟರ್ ಮಿಸ್ಟೇಕು. ರೆಕಾರ್ಡಿಗೆ ಐದರ ಔಟ್‌ಪುಟ್ ಬರ್ಕೋ ಸಾಕು" ಅಂದರು. ಎಲ್ಲರೂ ಐದರದ್ದೇ ಬರೆದೆವು.

ಕಂಪ್ಯೂಟರ್ ಅವತ್ತು ತಪ್ಪೇ ಮಾಡಿರಲಿಲ್ಲ. ಟರ್ಬೋ ಸಿಯಲ್ಲಿ ಇಂಟ್ ಅಂದರೆ 16 ಬಿಟ್. ಅದರೊಳಗೆ ಹಿಡಿಸುವ ಅತಿ ದೊಡ್ಡ ಸಂಖ್ಯೆ 32767. ಎಂಟರ ಫ್ಯಾಕ್ಟೋರಿಯಲ್ 40320. ಹಳೇ ಸ್ಕೂಟರಿನ ಮೀಟರು ತುಂಬಿ ಮತ್ತೆ ಮೊದಲಿಗೆ ಬರುವ ಹಾಗೆ ಅದು ಸುತ್ತಿ ಮೈನಸ್ ಕಡೆಯಿಂದ ಬಂತು. 40320ರಲ್ಲಿ 65536 ಕಳೆಯಿರಿ, ಮೈನಸ್ 25216 ಸರಿಯಾಗಿ ಸಿಗುತ್ತೆ. ಎರಡು ನಿಮಿಷದ ವಿವರಣೆ. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ಟು ಹಾರಿದ 40 ಸೆಕೆಂಡಿನೊಳಗೆ ಚೂರುಚೂರಾಯಿತು. ಕಾರಣ, ಒಂದು ದೊಡ್ಡ ಸಂಖ್ಯೆಯನ್ನು 16 ಬಿಟ್ ಜಾಗಕ್ಕೆ ತುರುಕಲು ಹೋಗಿದ್ದು. ಅದೇ 32767ರ ಗೋಡೆ. ನಮ್ಮ ಲ್ಯಾಬಿನಲ್ಲಿ ಆ ಮಧ್ಯಾಹ್ನ ಒಂದು ರಾಕೆಟ್ಟಿನ ಕಥೆ ಪರದೆ ಮೇಲೆ ಬಂದು ನಿಂತಿತ್ತು, ನಾವು ಅದನ್ನು ಅಳಿಸಿ 120 ಅಂತ ಬರೆದೆವು.

ವೈವಾದ ಕಥೆ ಇನ್ನೊಂದು. ಐ ಈಸ್ ಈಕ್ವಲ್ ಟು ಫೈವ್, ಐ ಪ್ಲಸ್ ಪ್ಲಸ್, ಪ್ಲಸ್, ಪ್ಲಸ್ ಪ್ಲಸ್ ಐ, ಉತ್ತರ ಹೇಳು! ಭಾಷೆಯ ಸ್ಟ್ಯಾಂಡರ್ಡ್ ಪ್ರಕಾರ ಇದಕ್ಕೆ ಉತ್ತರವೇ ಇಲ್ಲ. ಒಂದೇ ವಾಕ್ಯದಲ್ಲಿ ಒಂದೇ ವೇರಿಯಬಲ್ಲನ್ನು ಹೀಗೆ ಎರಡು ಸಲ ಬದಲಿಸಿದರೆ ಏನು ಬೇಕಾದರೂ ಆಗಬಹುದು, ಕಂಪೈಲರಿನ ಮರ್ಜಿ. ಜಿಸಿಸಿಗೆ ಎಚ್ಚರಿಕೆ ತೋರಿಸು ಅಂದರೆ ಅದೇ ಬೈಯುತ್ತೆ. ಆದರೆ ವೈವಾದಲ್ಲಿ "ಸರ್, ಇದು ಅನ್‌ಡಿಫೈನ್ಡ್" ಅಂದವನಿಗೆ "ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ನಪ್ಪ" ಅನ್ನುವ ಉತ್ತರ ಸಿಗುತ್ತೆ. "12 ಸರ್" ಅಂದವನು ಪಾಸು. ತಮಾಷೆ ಅಂದ್ರೆ, ಆ 12ರವರು ಆಮೇಲೆ ಕಂಪನಿ ಸೇರಿ, ಇಂಟರ್‌ವ್ಯೂ ಪ್ಯಾನೆಲ್ಲಿನಲ್ಲಿ ಕೂತು, ಹೊಸಬರನ್ನು ಅದೇ ಪ್ರಶ್ನೆ ಕೇಳ್ತಾರೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋದು ಒಬ್ಬರ ಹಠ. ಇಲ್ಲಿ ಮೂರು ಕಾಲಿನ ಮೊಲಗಳ ಸಂತಾನವೇ ಬೆಳೀತಿದೆ.

ಇಷ್ಟು ಹೊತ್ತು ಟೀಚರುಗಳನ್ನು ಬೈದಾಯ್ತು. ಈಗ ಅವರ ಕಡೆ ಬರೋಣ.

ಅಕ್ಕನ ಮಾತು ಮೀರಿ ನಾನು ಪೇರೆಂಟ್ಸ್ ಮೀಟಿಂಗಿಗೆ ಹೋದೆ. ಕೆಟ್ಟು ಹೋಗಿದ್ದ ಒಂದು ಮದರ್‌ಬೋರ್ಡನ್ನು ಬಟ್ಟೆ ಚೀಲದಲ್ಲಿ ಹಾಕಿಕೊಂಡು, ಜನ ಕರಗುವವರೆಗೆ ಕಾದು, ಕೊನೆಗೆ ಮಿಸ್ ಎದುರು ಕೂತೆ. ಪ್ರಶ್ನೆಪತ್ರಿಕೆ ತೆಗೆಯಲಿಲ್ಲ, ಮದರ್‌ಬೋರ್ಡ್ ತೆಗೆದು ಮೇಜಿನ ಮೇಲಿಟ್ಟೆ. ಅವರು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಅಂದರು, "ನಾನು ಬಿ.ಎಸ್ಸಿ. ಮ್ಯಾಥ್ಸ್ ಸರ್. ಎರಡು ಪಿರಿಯಡ್ ಖಾಲಿ ಇತ್ತು ಅಂತ ಕಂಪ್ಯೂಟರ್ ಕೊಟ್ರು. ಲ್ಯಾಬಲ್ಲಿರೋದನ್ನ ಬಿಚ್ಚೋ ಹಾಗಿಲ್ಲ, ವಾರಂಟಿ ಹೋಗುತ್ತೆ ಅಂತ ಸೀಲ್ ಹಾಕಿದಾರೆ. ಒಳಗಡೆ ಹೇಗಿರುತ್ತೆ ಅಂತ ನಾನೇ ಇವತ್ತು ನೋಡ್ತಿರೋದು."

ನಾನು ಮನೆಯಿಂದ ತಯಾರು ಮಾಡಿಕೊಂಡು ಹೋಗಿದ್ದ ಭಾಷಣ ಗಂಟಲಲ್ಲೇ ಉಳೀತು. "ಪುಸ್ತಕದ ಚಿತ್ರದಲ್ಲಿ ಡಬ್ಬಿಗೆ ಸಿಪಿಯು ಅಂತಾನೇ ಬಾಣದ ಗುರುತು ಇದೆ ಸರ್. ಕೀ ಆನ್ಸರ್ ಕೂಡ ನಾನು ಬರೆಯೋದಲ್ಲ. ನಾನು ಕ್ಯಾಬಿನೆಟ್ಟಿಗೆ ಮಾರ್ಕ್ಸ್ ಕೊಟ್ರೆ, ಮೂವತ್ತೊಂಬತ್ತು ಪೇರೆಂಟ್ಸ್ ನಾಳೆ ಪುಸ್ತಕ ಹಿಡ್ಕೊಂಡು ಬರ್ತಾರೆ" ಅಂದರು. ಅದೂ ಸುಳ್ಳಲ್ಲ. ಕ್ಲಾಸಿನ ಮುಂದೆ ನಿಂತಿರೋದು ಮಿಸ್ಸು, ಆದರೆ ಪಾಠ ಮಾಡ್ತಿರೋದು ಕೀ ಆನ್ಸರು. ಪುಸ್ತಕ ಬರೆದವರು ಇನ್ನೊಂದು ಪುಸ್ತಕ ನೋಡಿ ಬರೆದಿರ್ತಾರೆ, ಅದನ್ನು ಬರೆದವರು ಮತ್ತೊಂದನ್ನ. ಪ್ರಶ್ನೆ ಕೇಳಿದ ಮಗುವನ್ನು ಇಡೀ ಕ್ಲಾಸಿನ ಎದುರು ನಗೆಪಾಟಲು ಮಾಡಿದ್ದು ಮಾತ್ರ ಮಿಸ್ಸಿನದೇ ತಪ್ಪು, ಅದನ್ನ ಯಾವ ಪುಸ್ತಕವೂ ಹೇಳಿಕೊಟ್ಟಿರಲಿಲ್ಲ. ಅದನ್ನೂ ಹೇಳಿದೆ. ಅವರು ಒಂದು ಕ್ಷಣ ಸುಮ್ಮನಿದ್ದು, "ಇದನ್ನ ಒಂದು ವಾರ ಇಟ್ಕೊಳ್ಳಲಾ?" ಅಂತ ಮದರ್‌ಬೋರ್ಡ್ ತೋರಿಸಿ ಕೇಳಿದರು.

ಆಮೇಲೆ ನಮ್ಮ ಕಡೆ. ಐಟಿಯವರು ಟೀಚರನ್ನು ತಿದ್ದುವ ಪದ್ಧತಿ ನಿಮಗೆ ಗೊತ್ತೇ ಇದೆ. ನೋಟ್‌ಬುಕ್ಕಿನ ಫೋಟೋ ಹೊಡೆದು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಹಾಕೋದು. ಕೆಳಗೆ ಹದಿನೈದು ನಗುವ ಮುಖ. "ಇಷ್ಟು ಫೀಸ್ ತಗೊಂಡು ಇದಾ ಕಲಿಸೋದು" ಅಂತ ಒಬ್ಬರು, "ಎಲ್ಲಿಂದ ಹಿಡ್ಕೊಂಡ್ ಬರ್ತಾರೋ" ಅಂತ ಇನ್ನೊಬ್ಬರು. ನಮ್ಮ ಒಂದು ತಿಂಗಳ ಕ್ಯಾಬ್ ಖರ್ಚಿನಷ್ಟು ಸಂಬಳ ತಗೊಳ್ಳುವ ಹೆಣ್ಣುಮಗಳ ಮೇಲೆ ಈ ಶೌರ್ಯ. ಇದೇ ನಾವು ಸೋಮವಾರದ ಕಾಲ್‌ನಲ್ಲಿ ಕ್ಲೈಂಟು "ಡೇಟಾನೆಲ್ಲ ಕ್ಲೌಡಿಗೆ ಹಾಕಿದ ಮೇಲೆ ಬ್ಯಾಕಪ್ ಯಾಕೆ?" ಅಂದಾಗ ಮ್ಯೂಟ್ ಒತ್ತಿ ನಕ್ಕು, ಅನ್‌ಮ್ಯೂಟ್ ಒತ್ತಿ "ಗುಡ್ ಪಾಯಿಂಟ್" ಅಂತೀವಿ. ಮ್ಯಾನೇಜರು ಸ್ಲೈಡಿನಲ್ಲಿ ತಪ್ಪು ಅಂಕಿ ಹಾಕಿದಾಗ ನಮಗೆ ಅಕ್ಕನ ಮಾತೇ ನೆನಪಾಗೋದು: ಇನ್ನೂ ನಾಲ್ಕು ವರ್ಷ ಇಲ್ಲೇ ಇರಬೇಕು ಕಣೋ.

ನಮ್ಮ ಸಭೆಗಳಲ್ಲೂ ಸುಳ್ಳು ಕಥೆ ಕಡಿಮೆ ಇಲ್ಲ. ಗ್ರೇಸ್ ಹಾಪರ್ ಕಂಪ್ಯೂಟರಿನೊಳಗೆ ಪತಂಗ ಕಂಡುಹಿಡಿದಳು, ಅವತ್ತಿನಿಂದ ಬಗ್ ಅನ್ನುವ ಪದ ಬಂತು ಅಂತ ಸ್ಲೈಡು ಹಾಕದ ಟೆಕ್ ಟಾಕ್ ಎಷ್ಟಿವೆ? 1947ರ ಸೆಪ್ಟೆಂಬರಿನಲ್ಲಿ ಹಾರ್ವರ್ಡ್ ಮಾರ್ಕ್ 2 ಯಂತ್ರದಲ್ಲಿ ಪತಂಗ ಸಿಕ್ಕಿದ್ದು ನಿಜ, ಅದನ್ನು ಲಾಗ್ ಪುಸ್ತಕಕ್ಕೆ ಅಂಟಿಸಿದ್ದೂ ನಿಜ. ಆದರೆ ಯಂತ್ರದ ದೋಷಕ್ಕೆ ಬಗ್ ಅನ್ನೋದನ್ನ ಎಡಿಸನ್ 1878ರಲ್ಲೇ ಪತ್ರದಲ್ಲಿ ಬರೆದಿದ್ದ. ಪತಂಗ ಅಂಟಿಸಿದವರು ಹಳೇ ಜೋಕಿಗೆ ಹೊಸ ಸಾಕ್ಷಿ ಸಿಕ್ತು ಅಂತ ಖುಷಿಪಟ್ಟಿದ್ದರು ಅಷ್ಟೆ. ಈ ಸ್ಲೈಡ್ ಹಾಕಿದವರನ್ನು ನಾವು ಗ್ರೂಪಿನಲ್ಲಿ ನಗೆಪಾಟಲು ಮಾಡಲ್ಲ, ಚಪ್ಪಾಳೆ ಹೊಡೀತೀವಿ.

ಹಾಗಾದರೆ ತಿದ್ದೋದು ಹೇಗೆ? ಎಲ್ಲಕ್ಕಿಂತ ಕಷ್ಟದ ಉದಾಹರಣೆಯನ್ನೇ ತಗೊಳ್ಳೋಣ. ಸ್ಕೂಲ್ ಡೇ ಭಾಷಣದಲ್ಲಿ ಮೇಷ್ಟ್ರೊಬ್ಬರು "ಕಂಪ್ಯೂಟರಿಗೆ ಅತ್ಯಂತ ಸೂಕ್ತ ಭಾಷೆ ಸಂಸ್ಕೃತ ಅಂತ ನಾಸಾ ಒಪ್ಪಿಕೊಂಡಿದೆ" ಅಂತಾರೆ. ಚಪ್ಪಾಳೆ. ಇಲ್ಲಿ ಎದ್ದು ನಿಂತು "ಸುಳ್ಳು" ಅಂದರೆ ನೀವು ಭಾಷೆಯ ದ್ರೋಹಿ, ಸಂಸ್ಕೃತಿಯ ದ್ರೋಹಿ. ವಿಷಯ ಏನಂದ್ರೆ, 1985ರಲ್ಲಿ ರಿಕ್ ಬ್ರಿಗ್ಸ್ ಅನ್ನುವ ಸಂಶೋಧಕ, ನಾಸಾದ ಏಮ್ಸ್ ಕೇಂದ್ರದಲ್ಲಿದ್ದವನು, 'ಎಐ ಮ್ಯಾಗಜೀನ್'ನಲ್ಲಿ ಒಂದು ಲೇಖನ ಬರೆದ. ವಾಕ್ಯದ ಅರ್ಥವನ್ನು ಬಿಡಿಸಿ ಹೇಳಲು ನಮ್ಮ ವೈಯಾಕರಣಿಗಳು ಕಟ್ಟಿದ ಪದ್ಧತಿಗೂ ಕೃತಕ ಬುದ್ಧಿಮತ್ತೆಯವರು ಆಗ ಬಳಸುತ್ತಿದ್ದ ಅರ್ಥಜಾಲಗಳಿಗೂ ಹೋಲಿಕೆ ಇದೆ ಅನ್ನೋದು ಅವನ ವಾದ. ಅದು ಒಬ್ಬನ ಲೇಖನ, ಸಂಸ್ಥೆಯ ತೀರ್ಮಾನ ಅಲ್ಲ. ಇಷ್ಟು ಹೇಳಿ ನಿಲ್ಲಿಸಿದರೆ ಮೇಷ್ಟ್ರ ಕೈಯಿಂದ ಏನನ್ನೋ ಕಿತ್ತುಕೊಂಡ ಹಾಗಾಗುತ್ತೆ. ನಿಲ್ಲಿಸಬೇಡಿ. ಪಾಣಿನಿಯ ವಿಷಯ ಹೇಳಿ. ಪ್ರೋಗ್ರಾಮಿಂಗ್ ಭಾಷೆಗಳ ವ್ಯಾಕರಣ ಬರೆಯೋಕೆ ನಾವು ಬಿಎನ್‌ಎಫ್ ಅಂತ ಒಂದು ಪದ್ಧತಿ ಬಳಸ್ತೀವಲ್ಲ, ಅದರಲ್ಲಿರೋದೂ ನಿಯಮದಿಂದ ನಿಯಮ ಕಟ್ಟುವ ಕೆಲಸ. ಪಾಣಿನಿ ಎರಡು ಸಾವಿರ ವರ್ಷಕ್ಕೂ ಹಿಂದೆ ಅಂಥದ್ದನ್ನೇ ಮಾಡಿದ್ದ, ಹಾಗಾಗಿ ಈ ಪದ್ಧತಿಗೆ ಪಾಣಿನಿಯ ಹೆಸರೂ ಸೇರಲಿ ಅಂತ 1967ರಲ್ಲಿ ಇಂಗರ್‌ಮನ್ ಅನ್ನುವವರು ಅಮೆರಿಕದ ಕಂಪ್ಯೂಟರ್ ಪತ್ರಿಕೆಗೆ ಪತ್ರ ಬರೆದರು. ಇದು ನಿಜವಾದ ಹೆಮ್ಮೆ, ಇದಕ್ಕೆ ನಾಸಾದ ಸರ್ಟಿಫಿಕೇಟು ಬೇಕಿಲ್ಲ. ಮೇಷ್ಟ್ರು ಮುಂದಿನ ವರ್ಷದ ಭಾಷಣಕ್ಕೆ ಇದನ್ನು ಖಂಡಿತ ಬಳಸ್ತಾರೆ. ಸುಳ್ಳನ್ನು ಬಿಡಿಸುವಾಗ ಅದರ ಜಾಗಕ್ಕೆ ಅದಕ್ಕಿಂತ ರುಚಿಯಾದ ನಿಜ ಕೊಡದಿದ್ದರೆ ಯಾರೂ ಬಿಡಲ್ಲ.

ಎರಡನೆಯದು, ಬಾಯಲ್ಲಿ ಹೇಳೋದಕ್ಕಿಂತ ಕಣ್ಣಿಗೆ ತೋರಿಸೋದು. ಕಂಪ್ಯೂಟರಿನ ವಿಷಯದಲ್ಲಿ ನಮಗಿರುವ ಅದೃಷ್ಟ ಇದು. ಇತಿಹಾಸದ ಮೇಷ್ಟ್ರನ್ನು ತಿದ್ದಲು ನೀವು ಪುಲಕೇಶಿಯನ್ನು ಕರೆತರೋಕಾಗಲ್ಲ. ಇಲ್ಲಿ ಸ್ಕ್ರೂಡ್ರೈವರ್ ಸಾಕು. ಫ್ಯಾಕ್ಟೋರಿಯಲ್ ಎಂಟು ಕೊಟ್ಟು ನೋಡಬಹುದು, ಒಂದು ಟೆರಾಬೈಟಿನ ಡಿಸ್ಕನ್ನು ಸಿಕ್ಕಿಸಿ ನೋಡಬಹುದು. ನನಗೂ ನಿಮಗೂ ಮೇಷ್ಟ್ರಿಗೂ ಸಮಾನವಾದ ಸಾಕ್ಷಿ ಮೇಜಿನ ಮೇಲೇ ಇರುತ್ತೆ, ಯಾರೂ ಯಾರ ಎದುರೂ ಸೋತ ಹಾಗಾಗಲ್ಲ.

ಮೂರನೆಯದನ್ನು ನಾವು ಮರೀತೀವಿ. ತಪ್ಪು ಎಲ್ಲಿ ಆಯ್ತೋ ಅಲ್ಲೇ ಸರಿಯಾಗಬೇಕು. ಟೀಚರ್ ಜೊತೆ ಏಕಾಂತದಲ್ಲಿ ಮಾತಾಡೋದು ಮರ್ಯಾದೆ, ಸರಿ. ಆದರೆ ನಲವತ್ತು ಮಕ್ಕಳ ಎದುರು ಹೊಡೆದು ಹಾಕಿದ ಉತ್ತರ ಸ್ಟಾಫ್ ರೂಮಿನಲ್ಲಿ ಗುಟ್ಟಾಗಿ ಸರಿ ಆದರೆ ಮಗುವಿಗೆ ಏನೂ ಸಿಕ್ಕಿದ ಹಾಗಾಗಲ್ಲ. ಅದು ಬೋರ್ಡಿನ ಮೇಲೆ ಸರಿಯಾಗಬೇಕು. ನಾವು ಕೋಡ್ ರಿವ್ಯೂನಲ್ಲಿ ದಿನಾ ಇದನ್ನೇ ಮಾಡ್ತೀವಿ. ಸೀನಿಯರ್ ಬರೆದ ಸಾಲಿಗೆ ಹೊಸ ಹುಡುಗಿ ಕಾಮೆಂಟ್ ಹಾಕ್ತಾಳೆ, ಅವನು ತಿದ್ದಿ, "ಥ್ಯಾಂಕ್ಸ್, ಗುಡ್ ಕ್ಯಾಚ್" ಅಂತ ಎಲ್ಲರಿಗೂ ಕಾಣುವ ಹಾಗೆ ಬರೀತಾನೆ, ಅವನ ತಲೆ ಹಾರಲ್ಲ. ಒಳ್ಳೆಯ ಟೀಮುಗಳಲ್ಲಾದರೂ ಇದು ಸಾಧ್ಯವಾಗಿದೆ. ಕ್ಲಾಸ್ ರೂಮಿಗೆ ನಾವು ಕೊಡಬಹುದಾದದ್ದು ಪ್ರೊಜೆಕ್ಟರೋ ಟ್ಯಾಬ್ಲೆಟ್ಟೋ ಅಂತ ಸಿಎಸ್‌ಆರ್ ದುಡ್ಡು ಹಂಚುವವರು ಅಂದುಕೊಂಡಿದ್ದಾರೆ. ನನ್ನ ಕೇಳಿದರೆ ಈ ಒಂದು ಅಭ್ಯಾಸ ಕೊಟ್ಟರೆ ಸಾಕು, ಅದರ ಜೊತೆಗೆ ಪ್ರತಿ ಸ್ಕೂಲಿಗೂ ಬಿಚ್ಚಿ ಹಾಳು ಮಾಡೋಕೆ ಅಂತಲೇ ಒಂದು ಹಳೇ ಕಂಪ್ಯೂಟರು. ನಿಮ್ಮ ಆಫೀಸಿನ ಗೋಡೌನಿನಲ್ಲಿ ಇ-ವೇಸ್ಟಿಗೆ ಕಾಯ್ತಾ ಇರುವವು ಎಷ್ಟಿವೆ ಅಂತ ಅಡ್ಮಿನ್ನನ್ನು ಕೇಳಿ ನೋಡಿ. ಡಿಸ್ಕ್ ತೆಗೆದು ಕೊಡೋಕೆ ಹೇಳಿ, ಸೆಕ್ಯುರಿಟಿಯವರೂ ಒಪ್ತಾರೆ.

ಮದರ್‌ಬೋರ್ಡ್ ಕಥೆ ಏನಾಯ್ತು ಅಂತೀರಾ? ಅದು ವಾರ ಕಳೆದರೂ ವಾಪಸ್ ಬರಲಿಲ್ಲ, ಈಗ ಅಲ್ಲಿಯ ಲ್ಯಾಬಿನಲ್ಲೇ ಇದೆ. ಮಿಸ್ ಅದನ್ನು ಕ್ಲಾಸಿಗೆ ತಗೊಂಡು ಹೋಗಿ ಬೆಂಚಿಂದ ಬೆಂಚಿಗೆ ಕೊಟ್ಟರಂತೆ. ಚಿಪ್ಪು ಎಲ್ಲಿದೆ ಅಂತ ತೋರಿಸೋಕೆ ಅಕ್ಕನ ಮಗಳನ್ನೇ ಮುಂದೆ ಕರೆದರಂತೆ. "ಡಬ್ಬಿಗೆ ಕ್ಯಾಬಿನೆಟ್ ಅಂತಾರೆ, ಅವಳು ಬರೆದಿದ್ದು ಸರಿ" ಅಂತ ಎಲ್ಲರ ಎದುರೂ ಹೇಳಿದರಂತೆ. ಅರ್ಧ ಮಾರ್ಕು ಮಾತ್ರ ಬರಲಿಲ್ಲ. ಮಾರ್ಕ್ಸ್ ಎಲ್ಲ ಆಗಲೇ ಕಂಪ್ಯೂಟರಿಗೆ ಹಾಕಿ ಲಾಕ್ ಮಾಡಿಬಿಟ್ಟಿದ್ದರು, ಇನ್ನು ತಿದ್ದೋಕೆ ಬರಲ್ಲವಂತೆ. ಫೈನಲ್ ಎಕ್ಸಾಮಿನಲ್ಲಿ ಅದೇ ಚಿತ್ರ ಬಂದರೆ ಕೀ ಆನ್ಸರ್ ಏನಿರುತ್ತೋ ಮಿಸ್ಸಿಗೂ ಗೊತ್ತಿಲ್ಲ. ಅಕ್ಕನ ಮಗಳು ಒಂದು ಉಪಾಯ ಕಂಡುಕೊಂಡಿದ್ದಾಳೆ. ಡಬ್ಬಿಗೆ "ಕ್ಯಾಬಿನೆಟ್" ಅಂತ ಬರೆದು, ಅದರೊಳಗೆ ಒಂದು ಪುಟ್ಟ ಚೌಕ ಬಿಡಿಸಿ, ಅದಕ್ಕೊಂದು ಬಾಣ ಎಳೆದು "ಸಿಪಿಯು" ಅಂತ ಬರೀತಾಳಂತೆ. "ಕಟ್ ಮಾಡಿದ್ರೆ ಮಾಡ್ಲಿ ಬಿಡು ಮಾಮ" ಅಂದಳು.